ಅಲ್ವಾ ಮೇಷ್ಟ್ರ ಅಭಿಪ್ರಾಯ ಸಂಗ್ರಹ

ನಮ್ಮ ಭಾವನವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮಕ್ಕಳು ಅವರಿಗೆ ಇಟ್ಟಿರುವ ಹೆಸರು ಅಲ್ವಾ ಮೇಷ್ಟ್ರು. ಈ ಹೆಸರು ಊರಿಗೆಲ್ಲ ಗೊತ್ತು. ಶಾಲೆಯ ಗೇಟಿನ ಎದುರಿಗೇ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನನ್ನ ಕಿವಿಗಂತೂ ದಿನವಿಡೀ ಬೀಳುತ್ತಿರುತ್ತದೆ. ಈಚಿನವರೆಗೂ ಗೊತ್ತಿಲ್ಲದಿದ್ದವರು ಒಬ್ಬರೇ, ಸ್ವತಃ ಭಾವ.

ಹೆಸರು ಬರಲು ಕಾರಣ ಅವರು ಪ್ರಶ್ನೆ ಕೇಳುವ ರೀತಿ. ಲೋಕದಲ್ಲಿ ಯಾರೇ ಆಗಲಿ ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುತ್ತಾರೆ. ಭಾವನಿಗೆ ಅಷ್ಟು ಪುರುಸೊತ್ತಿಲ್ಲ. ಪ್ರಶ್ನೆಯ ಬಾಲಕ್ಕೇ ಉತ್ತರವನ್ನು ಕಟ್ಟಿ, ಕೊನೆಯಲ್ಲಿ ಒಂದು ‘ಅಲ್ವಾ’ ಸೇರಿಸಿ ಎದುರಿನವರ ಕೆಲಸವನ್ನೂ ತಾವೇ ಮುಗಿಸಿಕೊಡುತ್ತಾರೆ. ಡಾಕ್ಟರ ಎದುರು ಕೂತು, “ಬರೀ ನೆಗಡಿ ಅಲ್ವಾ ಡಾಕ್ಟ್ರೇ, ಎರಡು ದಿನದಲ್ಲಿ ಹೋಗುತ್ತೆ ಅಲ್ವಾ,” ಎಂದು ಎದ್ದೇ ಬಿಡುತ್ತಾರೆ. ಡಾಕ್ಟರು ಅವರ ಬೆನ್ನಿಗೆ ಸ್ಟೆತಾಸ್ಕೋಪು ಹಿಡಿದುಕೊಂಡು ಬಾಗಿಲವರೆಗೆ ಬರಬೇಕು. ಕ್ಷೌರದವನು ಕನ್ನಡಿ ಹಿಡಿದು ಹಿಂದಲೆ ತೋರಿಸುವ ಮೊದಲೇ, “ಕಿವಿ ಹತ್ತಿರ ಸ್ವಲ್ಪ ಜಾಸ್ತಿ ಹೋಯ್ತು ಅಲ್ವಾ, ಇರ್ಲಿ, ಬೆಳೆಯುತ್ತೆ ಅಲ್ವಾ,” ಎನ್ನುತ್ತಾರೆ. ಆತ ಕನ್ನಡಿಯನ್ನು ಸುಮ್ಮನೆ ಗೂಟಕ್ಕೆ ನೇತುಹಾಕುತ್ತಾನೆ.

ನಮ್ಮ ಅಕ್ಕನನ್ನು ಮದುವೆಯಾದದ್ದೂ ಇದೇ ವಿಧಾನದಿಂದ. ಎರಡೂ ಮನೆಯವರು ಸೇರಿದ್ದ ದಿನ, ನೀವಿಬ್ಬರೂ ಸ್ವಲ್ಪ ಮಾತಾಡಿಕೊಳ್ಳಿ ಎಂದು ಹಿರಿಯರು ಇಬ್ಬರನ್ನೂ ಹಿಂದಿನ ಕೋಣೆಗೆ ಕಳಿಸಿದರು. ಹೋದಷ್ಟೇ ವೇಗದಲ್ಲಿ ಭಾವ ಹೊರಗೆ ಬಂದು, “ಒಪ್ಪಿಗೆ ಆಯ್ತು,” ಎಂದರು.

“ನಾನು ನಿಮಗೆ ಒಪ್ಪಿಗೆ ಅಲ್ವಾ ಅಂದ್ರು, ಸಂತೋಷ ಅಂದ್ರು, ಹೊರಟೇಹೋದ್ರು ಕಣೋ,” ಎಂದು ಅಕ್ಕ ಮೊನ್ನೆಮೊನ್ನೆಯವರೆಗೂ ಹೇಳುತ್ತಿದ್ದಳು. “ನಾನಿನ್ನೂ ಬಾಯೇ ತೆಗೆದಿರಲಿಲ್ಲ. ಆ ಪ್ರಶ್ನೆಗೆ ಉತ್ತರ ನನ್ನ ಹತ್ರ ಹಾಗೇ ಉಳಿದಿದೆ.”

ಇಂಥ ಮನುಷ್ಯನನ್ನು ಶಾಲೆಯವರು ಅಭಿಪ್ರಾಯ ಸಂಗ್ರಹದ ಉಸ್ತುವಾರಿಗೆ ನೇಮಿಸಿದರು.

ಆದದ್ದಿಷ್ಟೆ. ಪಾಠಕ್ರಮಗಳ ಬಗ್ಗೆ ಮಕ್ಕಳು ಏನು ಯೋಚಿಸುತ್ತಾರೆ ಎಂದು ಪ್ರತಿ ಹೈಸ್ಕೂಲಿನಲ್ಲೂ ಸಮೀಕ್ಷೆ ಮಾಡಬೇಕು ಎಂದು ಮೇಲಿನವರಿಂದ ಆದೇಶ ಬಂತು. ತರಬೇತಿಗೆ ಯಾರಾದರೂ ಹೋಗಬೇಕಿತ್ತು. ಉಳಿದ ಮೇಷ್ಟ್ರುಗಳಿಗೆಲ್ಲ ಆ ವಾರ ಸೊಂಟ ಹಿಡಿದಿತ್ತು. ಭಾವ ಹೋದರು. ಬರುವಾಗ ಒಂದು ನೀಲಿ ಫೈಲು, ಕುತ್ತಿಗೆಗೆ ನೇತುಹಾಕಿಕೊಳ್ಳುವ ಗುರುತಿನ ಚೀಟಿ ಮತ್ತು ಒಂದು ಪ್ರಮಾಣಪತ್ರ ತಂದರು. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಹಾಲಿನ ಗೋಡೆಗೆ ತೂಗುಹಾಕಿದರು. ಗುರುತಿನ ಚೀಟಿಯನ್ನು ಒಂದು ವಾರ ಮನೆಯಲ್ಲೂ ಹಾಕಿಕೊಂಡು ಓಡಾಡಿದರು.

“ತರಕಾರಿಯವನಿಗೆ ನಿಮ್ಮ ಗುರುತು ಸಿಗಲ್ಲ ಅಂತಲಾ?” ಎಂದು ಅಕ್ಕ ಕೇಳಿದಳು.

“ಇದೆಲ್ಲ ನಿನಗೆ ಅರ್ಥ ಆಗಲ್ಲ ಅಲ್ವಾ,” ಎಂದರು ಭಾವ.

ಮೊದಲ ಸಮೀಕ್ಷೆ ಹೋದ ವರ್ಷ ನಡೆಯಿತು. ಅದರ ನಮೂನೆ ನನ್ನ ಅಂಗಡಿಯಲ್ಲೇ ಪ್ರತಿಯಾದದ್ದರಿಂದ ಇನ್ನೂ ನೆನಪಿದೆ. ‘ಹೆಸರು ಬರೆಯಕೂಡದು’ ಎಂದು ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೆ, ‘ಎಲ್ಲ ಪ್ರಶ್ನೆಗಳೂ ಕಡ್ಡಾಯ. ಉದಾಹರಣೆ ಸಹಿತ ಉತ್ತರಿಸಿ.’ ಮಕ್ಕಳನ್ನು ಬೆಂಚಿಗೆ ಒಬ್ಬರಂತೆ ಕೂರಿಸಿ, ಚೀಲಗಳನ್ನೆಲ್ಲ ಗೋಡೆಯ ಪಕ್ಕ ಇಡಿಸಿ, ಗಂಟೆ ಹೊಡೆಸಿ ಶುರುಮಾಡಿಸಿದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಹೆಚ್ಚುವರಿ ಹಾಳೆ ಕೇಳಿದಳಂತೆ. ಅದನ್ನು ಭಾವ ಸಮೀಕ್ಷೆಯ ಯಶಸ್ಸಿನ ಲಕ್ಷಣವೆಂದು ತಿಳಿದರು.

ಮಕ್ಕಳು ಪಾಪ, ನಂಬಿ ಬರೆದರು. ಒಬ್ಬರು ಪ್ರಯೋಗಾಲಯದ ಬೀಗ ತೆಗೆಯುವುದೇ ಇಲ್ಲ ಎಂದರು. ಒಬ್ಬರು ಇತಿಹಾಸದ ಮೇಡಂ ಧ್ವನಿಗೆ ನಿದ್ದೆ ಬರುತ್ತದೆ ಎಂದರು. ಕೊನೆಯ ಬೆಂಚಿನ ಉದ್ದ ಕಾಲಿನ ಹುಡುಗನೊಬ್ಬ, ಕೊಕ್ಕರೆ ಎಂದು ಅವನನ್ನು ಕರೆಯುತ್ತಾರೆ, ಗಣಿತದ ಎದುರಿಗೆ ‘ಬೋರು’ ಎಂದಷ್ಟೇ ಬರೆದ.

ಆ ಸಂಜೆ ಭಾವ ಹಾಳೆಗಳ ಕಟ್ಟನ್ನು ಮನೆಗೆ ತಂದು ಮೇಜಿನ ಮುಂದೆ ಕೂತರು. ಎದುರಿಗೆ ಮಕ್ಕಳು ಬರೆದ ಹಾಳೆ, ಜೇಬಿನಲ್ಲಿ ಕೆಂಪು ಪೆನ್ನು. ಜೀವಮಾನವೆಲ್ಲ ಪತ್ರಿಕೆ ತಿದ್ದಿದ ಕೈ. ಅದು ತಾನಾಗಿಯೇ ಜೇಬಿಗೆ ಹೋಯಿತು. ಭಾವ ಅಭಿಪ್ರಾಯಗಳನ್ನು ತಿದ್ದಿದರು. ‘ವಿವರಣೆ ಸಾಲದು.’ ‘ಉದಾಹರಣೆ ಎಲ್ಲಿ?’ ‘ಉತ್ತಮ ಪ್ರಯತ್ನ.’ ಕೊಕ್ಕರೆಯ ಹಾಳೆಯ ಮೇಲೆ, ‘ಕಾರಣ ಕೊಟ್ಟಿಲ್ಲ. ಐದಕ್ಕೆ ಎರಡು.’

ಅಷ್ಟಕ್ಕೇ ನಿಲ್ಲಿಸಿದ್ದರೆ ಹೇಗೋ ಆಗುತ್ತಿತ್ತು. ಮರುದಿನ ತರಗತಿಯಲ್ಲಿ ಹೆಸರಿಲ್ಲದ ಆ ಹಾಳೆಗಳನ್ನೆಲ್ಲ, ಒಂದೂ ತಪ್ಪದ ಹಾಗೆ, ಬರೆದವರ ಕೈಗೇ ಹಿಂತಿರುಗಿಸಿದರು. ಯಾರ ಅಕ್ಷರ ಯಾವುದೆಂದು ಕಣ್ಣುಮುಚ್ಚಿ ಹೇಳಬಲ್ಲೆ ಎನ್ನುವುದು ಅವರ ಬಹುದಿನದ ಹೆಮ್ಮೆ. ಕೊಕ್ಕರೆಯ ಬೆನ್ನು ತಟ್ಟಿ, “ನೀನು ಇನ್ನೂ ಚೆನ್ನಾಗಿ ಬರೀಬಹುದಿತ್ತು ಅಲ್ವಾ,” ಎಂದು ಪ್ರೋತ್ಸಾಹಿಸಿದರು. ಆ ತರಗತಿಯಲ್ಲಿ ಅವತ್ತು ಇದ್ದಂಥ ನಿಶ್ಶಬ್ದ ಮತ್ತೆಂದೂ ಬಂದಿಲ್ಲವಂತೆ. ಭಾವ ಅದನ್ನೂ ಗೌರವವೆಂದೇ ತಿಳಿದರು.

ಇನ್ನು ಈ ವರ್ಷದ ಕತೆ.

ಶಾಲೆಗೆ ಕಂಪ್ಯೂಟರುಗಳು ಬರುವುದಿತ್ತು. ಇಡಲು ಕೋಣೆ ಇರಲಿಲ್ಲ. ಮುಖ್ಯೋಪಾಧ್ಯಾಯಿನಿ, ಶಾಲೆಯವರೆಲ್ಲ ದೊಡ್ಡ ಮೇಡಂ ಎನ್ನುವವರು, ಒಂದು ತೀರ್ಮಾನ ಮಾಡಿದರು. ಐಚ್ಛಿಕ ಪಾಠಕ್ರಮಗಳು ನಾಲ್ಕಿವೆ: ಚಿತ್ರಕಲೆ, ಹೊಲಿಗೆ, ಮರಗೆಲಸ ಮತ್ತು ಬದುಕಿನ ಲೆಕ್ಕ. ನಾಲ್ಕಕ್ಕೂ ಒಂದೊಂದು ಕೋಣೆ ಇದೆ. ಒಂದು ನಿಲ್ಲಬೇಕು. ಯಾವುದು ಎಂಬುದನ್ನು ಮಕ್ಕಳೇ ಹೇಳಲಿ.

ಸಿಬ್ಬಂದಿ ಸಭೆಯಲ್ಲಿ ಈ ಸಲಹೆಗೆ ಎಲ್ಲರಿಗಿಂತ ಮೊದಲು ಮೇಜು ಕುಟ್ಟಿದವರು ಭಾವ. “ವೈಜ್ಞಾನಿಕ ವಿಧಾನ ಅಂದ್ರೆ ಇದೇ ಅಲ್ವಾ,” ಎಂದು ಭಾಷಣವನ್ನೂ ಮಾಡಿದರು. ನಾಲ್ಕನೆಯದಾದ ಬದುಕಿನ ಲೆಕ್ಕ ತಮ್ಮದೇ ಎಂಬುದು ಅವರಿಗೆ ಹೊಳೆದದ್ದು ಮೆಟ್ಟಿಲಿಳಿಯುವಾಗ.

ಬದುಕಿನ ಲೆಕ್ಕ ಎಂದರೆ ಭಾವ ತಮ್ಮ ಕೈಯಾರೆ ಹುಟ್ಟಿಸಿ ಬೆಳೆಸಿದ ಪಾಠ. ಅದಕ್ಕೆ ಪಠ್ಯಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಈ ಗೋಡೆಗೆ ಎಷ್ಟು ಬಣ್ಣ ಬೇಕು? ಸೋರುವ ನಲ್ಲಿಯ ಕೆಳಗಿಟ್ಟ ಬಕೆಟ್ಟು ಯಾವಾಗ ತುಂಬುತ್ತದೆ? ಈ ಸೋಫಾ ಈ ಬಾಗಿಲಲ್ಲಿ ತೂರುತ್ತದೋ ಇಲ್ಲವೋ? ವಾರಕ್ಕೆ ಒಂದು ಸಲ ಅವರು ಅಳತೆಯ ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಕೋಣೆಗೆ ಹೋಗುವಾಗ ನೋಡಬೇಕಿತ್ತು. ನನ್ನ ಅಂಗಡಿಯಿಂದಲೇ ಕಾಣುತ್ತಿತ್ತು, ನಡಿಗೆಯೇ ಬೇರೆ.

ಅದರ ಮೂಲ ಒಂದು ಕಿಟಕಿ ಪರದೆ. ಮದುವೆಯಾದ ಹೊಸದರಲ್ಲಿ ಭಾವ ಸ್ವತಃ ಅಳತೆ ಮಾಡಿ ಹಾಲಿನ ಕಿಟಕಿಗೆ ಪರದೆ ಬಟ್ಟೆ ತಂದಿದ್ದರು. ಹೊಲಿಸಿ ನೇತುಹಾಕಿದರೆ ಅದು ಕಿಟಕಿಯ ಮೊಣಕಾಲಿಗೆ ಬಂತು. ಗಣಿತದಲ್ಲಿ ಚಿನ್ನದ ಪದಕ ಪಡೆದವರ ಮನೆಯ ಕಿಟಕಿ ಚಡ್ಡಿ ಹಾಕಿಕೊಂಡಂತೆ ನಿಂತಿದ್ದನ್ನು ಬೀದಿಯವರೆಲ್ಲ ನೋಡಿದರು. ಬಟ್ಟೆ ಕುಗ್ಗಿತು ಎಂದು ಭಾವ ಅಂದು ಹೇಳಿದವರು ಆಮೇಲೂ ಹಾಗೆಯೇ ಹೇಳುತ್ತಿದ್ದರು. ಒಗೆಯುವ ಮೊದಲೇ ಕುಗ್ಗಿತಾ ಎಂದು ಅಕ್ಕ ಕೇಳಿದರೆ ಪತ್ರಿಕೆ ಓದತೊಡಗುತ್ತಿದ್ದರು. ಆದರೆ ಅದಾದ ಮೇಲೆಯೇ ಅವರಿಗೆ, ಮಕ್ಕಳಿಗೆ ಸಮೀಕರಣದ ಜೊತೆಗೆ ಇಂಥದ್ದನ್ನೂ ಕಲಿಸಬೇಕು ಎನಿಸಿದ್ದು. ಆ ಪರದೆಯನ್ನು ಅಕ್ಕ ಎಸೆದಿರಲಿಲ್ಲ. ಮಡಿಸಿ ಬೀರುವಿನಲ್ಲಿಟ್ಟಿದ್ದಳು. ಮಾತಿನಲ್ಲಿ ಭಾವನ ಕೈ ತೀರಾ ಮೇಲಾದಾಗ, “ಪರದೆ ತೆಗೀಲಾ?” ಎನ್ನುತ್ತಿದ್ದಳು. ಮನೆ ಶಾಂತವಾಗುತ್ತಿತ್ತು.

ಅಂಥ ಪಾಠಕ್ಕೆ ಈಗ ಕುತ್ತು ಬಂದಿತ್ತು. ಆದರೂ ಭಾವ ಹೊರಗೆ ತೋರಿಸಿಕೊಳ್ಳಲಿಲ್ಲ. “ನನ್ನ ಪಾಠ ಮಕ್ಕಳಿಗೆ ಇಷ್ಟ ಅಲ್ವಾ, ಭಯ ಏನು,” ಎಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ತಮಗೆ ತಾವೇ ಹೇಳಿಕೊಂಡರು. ನಾನು ಯಂತ್ರಕ್ಕೆ ಹಾಳೆ ತುಂಬುವುದರಲ್ಲಿ ಮಗ್ನನಾದೆ. ಗಿರಾಕಿಗಳ ಮಾತನ್ನು ಹೊರಗೆ ಬಿಡುವುದು ನಮ್ಮ ವೃತ್ತಿಗೆ ಹೊಂದುವುದಿಲ್ಲ.

ಎರಡನೆಯ ಸಮೀಕ್ಷೆಯ ನಮೂನೆ ಬೆಳಿಗ್ಗೆ ನನ್ನಲ್ಲಿ ಪ್ರತಿಯಾಯಿತು. ಅದೇ ಮಧ್ಯಾಹ್ನ ಒಬ್ಬ ಹುಡುಗಿ ಬಂದು ಮುತ್ತಿನಂಥ ಅಕ್ಷರದ ಒಂದು ಹಾಳೆ ಕೊಟ್ಟು, ಇಡೀ ತರಗತಿಗಾಗುವಷ್ಟು ಪ್ರತಿ ತೆಗೆಸಿಕೊಂಡು ಹೋದಳು. ಪೌರನೀತಿಯ ಟಿಪ್ಪಣಿ ಇರಬೇಕೆಂದುಕೊಂಡೆ. ಅದು ಮಾದರಿ ಉತ್ತರ ಎಂದು ಗೊತ್ತಾದದ್ದು ಆಮೇಲೆ. ಪ್ರಶ್ನೆಯೂ ಉತ್ತರವೂ ಒಂದೇ ದಿನ ಒಂದೇ ಯಂತ್ರದಿಂದ ಹೊರಬಂದಿದ್ದವು.

ಫಲಿತಾಂಶ ಎಂದರೆ ನಾಲ್ಕು ಪಾಠಕ್ರಮಗಳಿಗೂ ಐದಕ್ಕೆ ಐದು. ಪ್ರತಿ ಹಾಳೆಯಲ್ಲೂ ಅದೇ ಎರಡು ವಾಕ್ಯ: ‘ಈ ಪಾಠಕ್ರಮವು ನಮ್ಮ ಸರ್ವಾಂಗೀಣ ಬೆಳವಣಿಗೆಗೆ ಸಹಕಾರಿಯಾಗಿದೆ. ಇದು ಹೀಗೆಯೇ ಮುಂದುವರಿಯಲಿ ಎಂದು ಆಶಿಸುತ್ತೇವೆ.’ ಭಾವನ ಮುಖ ಊರಗಲವಾಯಿತು. ನೀಲಿ ಫೈಲನ್ನು ಎದೆಗವಚಿಕೊಂಡು ದೊಡ್ಡ ಮೇಡಂ ಕೋಣೆಗೆ ಹೋದರು. ದೊಡ್ಡ ಮೇಡಂ ಒಂದು ಹಾಳೆ ನೋಡಿದರು, ಇನ್ನೊಂದು ನೋಡಿದರು, ಕನ್ನಡಕ ತೆಗೆದಿಟ್ಟರು.

“ಎಲ್ಲಾನೂ ಸರ್ವಾಂಗೀಣ ಅಂತೀರಿ.”

“ಹೌದು ಮೇಡಂ, ಅದ್ಭುತ ಅಲ್ವಾ.”

“ಹಾಗಾದ್ರೆ ನಮ್ಮದು ಸ್ವರ್ಗ ಮೇಷ್ಟ್ರೇ. ಸ್ವರ್ಗದಲ್ಲಿ ಕಂಪ್ಯೂಟರ್ ಎಲ್ಲಿಡೋದು ಹೇಳಿ ನೋಡೋಣ.” ಮೇಡಂ ಕಟ್ಟನ್ನು ಹಿಂದಕ್ಕೆ ತಳ್ಳಿದರು. “ಇದನ್ನ ಯಾವ ಮಗುವೂ ಬರೆದಿಲ್ಲ. ಸೋಮವಾರದೊಳಗೆ ನಿಜವಾಗಿ ಯಾರೋ ಬಾಯಿಬಿಟ್ಟು ಹೇಳಿದಂಥದ್ದು ತನ್ನಿ. ಇಲ್ಲಾಂದ್ರೆ ನಾನೇ ಚೀಟಿ ಎತ್ತಿ ಒಂದನ್ನ ಮುಚ್ಚಿಬಿಡ್ತೀನಿ.”

ಚೀಟಿ ಎತ್ತುವುದು. ವೈಜ್ಞಾನಿಕ ವಿಧಾನದ ಪ್ರಮಾಣಪತ್ರ ಗೋಡೆಯ ಮೇಲಿರುವವರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಭಾವ ಇಂಗು ತಿಂದ ಮಂಗನಂತೆ ಮನೆಗೆ ಬಂದರು.

ಅವತ್ತು ನಾನೂ ಅಲ್ಲೇ ಊಟಕ್ಕಿದ್ದೆ. ಅವರ ಮಗಳು, ಮನೆಯಲ್ಲಿ ಚೂಟಿ ಎಂದು ಕರೆಯುತ್ತೇವೆ, ಅದೇ ಶಾಲೆಯಲ್ಲಿ ಹತ್ತನೆಯ ತರಗತಿ. ಆಯ್ದುಕೊಂಡದ್ದು ಮರಗೆಲಸ. ಅಪ್ಪನ ಪಾಠ ಆಯ್ದುಕೊಳ್ಳದ ಕಾರಣಕ್ಕೆ ಮನೆಯಲ್ಲಿ ಒಂದು ತಿಂಗಳು ಮಾತಿಲ್ಲದೆ, ಆಮೇಲೆ ಅವಳು ಮಾಡಿ ತಂದ ಚಪ್ಪಲಿ ಸ್ಟ್ಯಾಂಡಿನಿಂದಾಗಿ ರಾಜಿಯಾಗಿತ್ತು. ಭಾವ ತಟ್ಟೆಯಲ್ಲಿ ಕೈಯಾಡಿಸುತ್ತ ಅವಳ ಕಡೆಗೆ ತಿರುಗಿದರು.

“ನಿನ್ನ ಗೆಳತಿಯರು ನನ್ನ ಪಾಠದ ಬಗ್ಗೆ ಏನಾದ್ರೂ ಮಾತಾಡಿಕೊಳ್ತಾರೆ ಅಲ್ವಾ?”

“ಗುಪ್ತ ಅಪ್ಪ. ನೀನೇ ಹೇಳಿದ್ದು, ಅಭಿಪ್ರಾಯ ಯಾವಾಗ್ಲೂ ಗುಪ್ತ ಅಂತ.”

“ಮನೇಲಿ ಏನೇ ಗುಪ್ತ?”

“ಮನೇಲೇ ಕೆಂಪು ಪೆನ್ನು ಇರೋದು.”

ಭಾವನ ಕೈ ತುತ್ತಿನ ಸಮೇತ ಅರ್ಧದಲ್ಲಿ ನಿಂತಿತು. “ಕೆಂಪು ಪೆನ್ನಿಗೇನಾಯ್ತು?”

“ಏನಾಯ್ತು ಅಂತೀಯಾ? ಹೆಸರು ಬರೀಬೇಡಿ ಅಂದೆ. ಬರೀಲಿಲ್ಲ. ಮಾರನೇ ದಿನ ಎಲ್ಲರ ಕೈಗೂ ಅವರವರ ಹಾಳೆ ಬಂತು, ಮಾರ್ಕ್ಸ್ ಸಮೇತ. ಇನ್ನು ಯಾರು ನಿಜ ಬರೀತಾರೆ?”

“ತಿದ್ದಿದ್ದು ಅವರ ಒಳ್ಳೇದಕ್ಕೇ ಅಲ್ವಾ?”

“ಸಾರ್,” ಎಂದಳು ಚೂಟಿ. ಮನೆಯಲ್ಲಿ ಅವಳು ಸಾರ್ ಎಂದರೆ ಕೋಪ ಬಂದಿದೆ ಎಂದರ್ಥ. “ಕೊಕ್ಕರೆ ಬೋರು ಅಂತ ಬರೆದ. ಅವನಿಗೆ ಬೋರಾಗಿತ್ತು. ಅದಕ್ಕೆ ಐದಕ್ಕೆ ಎರಡು ಹೇಗೆ ಕೊಡ್ತೀರಿ ಸಾರ್?”

ಭಾವ ಉತ್ತರಕ್ಕಾಗಿ ಅಕ್ಕನ ಮುಖ ನೋಡಿದರು. ಅಕ್ಕ ಬೀರುವಿನ ಕಡೆ ನೋಡಿದಳು. ಭಾವ ತಟ್ಟೆಯತ್ತ ತಿರುಗಿದರು.

ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಳಿಸಿ ಅವರು ಸಣ್ಣ ದನಿಯಲ್ಲಿ, “ಆ ಪಾಠ ನಿಂತುಹೋದ್ರೆ ಮಿಕ್ಕಿದ ವಾರವೆಲ್ಲ ಬರೀ ಪರೀಕ್ಷೆಗೆ ರುಬ್ಬೋದೇ ಆಗುತ್ತೆ ನಂದು,” ಎಂದರು. ಅದರ ಕೊನೆಗೆ ಅಲ್ವಾ ಇರಲಿಲ್ಲ. ನಾವು ಮೂವರೂ ಅದನ್ನು ಗಮನಿಸಿದೆವು.

ಚೂಟಿಗೆ ಪಾಪ ಎನಿಸಿರಬೇಕು. ಕುರ್ಚಿಯನ್ನು ಎಳೆದುಕೊಂಡು ಅಪ್ಪನ ಪಕ್ಕಕ್ಕೆ ಬಂದಳು. “ಒಂದು ದಾರಿ ಇದೆ. ನಿನಗೆ ಇಷ್ಟ ಆಗಲ್ಲ.”

“ಹೇಳು.”

“ನಮ್ಮ ಅಭಿಪ್ರಾಯನ ನಾವು ಬರೆಯೋದಿಲ್ಲ. ನಾನು ಪಕ್ಕದವಳಿಗೆ ಹೇಳ್ತೀನಿ, ಅವಳು ಬರೀತಾಳೆ. ಅವಳು ಹೇಳಿದ್ದನ್ನ ಇನ್ಯಾರೋ ಬರೀತಾರೆ. ಆಗ ಅಕ್ಷರ ಒಬ್ಬರದು, ಮಾತು ಒಬ್ಬರದು. ನೀನು ಎಷ್ಟು ದಿಟ್ಟಿಸಿದ್ರೂ ಗೊತ್ತಾಗಲ್ಲ.”

“ಅಂದ್ರೆ ಮಕ್ಕಳು ಪರೀಕ್ಷೆ ಹಾಲ್‌ನಲ್ಲಿ ಮಾತಾಡಬೇಕಾ?”

“ಪರೀಕ್ಷೆ ಅಲ್ಲ ಅಪ್ಪ ಅದು.”

“ಗಲಾಟೆ ಆಗುತ್ತೆ.”

“ಆಗ್ಲಿ. ಇನ್ನೊಂದು ಷರತ್ತು. ನೀನು ಒಳಗೆ ಇರಬಾರದು. ಹೊರಗಿನವರು ಯಾರಾದ್ರೂ ಕೂತ್ಕೊಳ್ಳಲಿ.”

“ಇವನನ್ನ ಕೂರಿಸಿ,” ಎಂದು ಅಕ್ಕ ನನ್ನತ್ತ ಸೌಟು ತೋರಿಸಿದಳು. “ನನ್ನ ತಮ್ಮನಂಥ ನಿಷ್ಪಕ್ಷಪಾತಿ ಸಿಗಲ್ಲ. ಹುಟ್ಟಿದಾಗಿಂದ ಯಾವುದರಲ್ಲೂ ಒಂದು ಅಭಿಪ್ರಾಯ ಅಂತ ಇಲ್ಲ ಇವನಿಗೆ.”

ಹೀಗೆ ನನ್ನ ನೇಮಕಾತಿಯೂ ಆಯಿತು.

ಶನಿವಾರ ಬೆಳಿಗ್ಗೆ ಸಭಾಂಗಣದ ಬಾಗಿಲಲ್ಲಿ ಚೂಟಿ ಕೈಚಾಚಿ ನಿಂತಿದ್ದಳು. ಭಾವ ಜೇಬಿನಿಂದ ಕೆಂಪು ಪೆನ್ನು ತೆಗೆದು ಅವಳ ಕೈಗಿಟ್ಟರು. ಅವಳು ಕೈ ಹಿಂತೆಗೆಯಲಿಲ್ಲ. ಭಾವ ನಿಟ್ಟುಸಿರುಬಿಟ್ಟು ಒಳಜೇಬಿನಿಂದ ಇನ್ನೊಂದು ಕೆಂಪು ಪೆನ್ನು ತೆಗೆದರು. ಸುತ್ತ ನಿಂತ ಮಕ್ಕಳು ನಗು ತಡೆದುಕೊಳ್ಳಲು ಸೂರು ನೋಡಿದರು. ಬಾಗಿಲು ಮುಚ್ಚಿತು. ಕಿಟಕಿಯ ಗಾಜಿನಲ್ಲಿ ಭಾವನ ತಲೆ ಆಗಾಗ ಎದ್ದು ಮುಳುಗುತ್ತಿತ್ತು. ಕೊನೆಗೆ ದೊಡ್ಡ ಮೇಡಂ ಬಂದು ಕೈಹಿಡಿದು ಕರೆದುಕೊಂಡು ಹೋದರು.

ಒಳಗಿನ ಸದ್ದನ್ನು ಏನೆಂದು ಹೇಳಲಿ. ಮೊದಲು ಎಲ್ಲರೂ ಬಾಗಿಲ ಕಡೆ, ಕಿಟಕಿಯ ಕಡೆ ನೋಡಿಕೊಂಡರು. ಆಮೇಲೆ ಒಂದು ಮೂಲೆಯಿಂದ ಯಾರೋ, “ನಿಜ ಹೇಳ್ಲಾ?” ಎಂದರು. “ಹೇಳು, ನಿಧಾನವಾಗಿ ಹೇಳು, ಬರೀಬೇಕಲ್ಲ,” ಎಂದು ಉತ್ತರ ಬಂತು. ಅಲ್ಲಿಂದ ಶುರುವಾದದ್ದು ಸಂತೆಯಾಯಿತು. ಕೊಕ್ಕರೆ ಕಾಲು ಚಾಚಿ ಕೂತು ಹೇಳುತ್ತಿದ್ದ, ಹೆಚ್ಚುವರಿ ಹಾಳೆಯ ಹುಡುಗಿ ಬರೆಯುತ್ತಿದ್ದಳು.

“ಇಷ್ಟೊಂದು ಹೇಳಬೇಡ ಮಾರಾಯ, ಕೈ ನೋಯ್ತಿದೆ.”

“ಹೋದ ವರ್ಷ ಕಾರಣ ಕೊಟ್ಟಿಲ್ಲ ಅಂದ್ರಲ್ಲ. ಈಗ ಕೊಡ್ತಿದೀನಿ, ಬರಿ.”

ನಿಷ್ಪಕ್ಷಪಾತಿಯಾದ ನಾನು ಕಿವಿಯನ್ನು ಮಾತ್ರ ಆ ಕಡೆಗಿಟ್ಟು ಕೂತಿದ್ದೆ.

ಎಣಿಕೆ ದೊಡ್ಡ ಮೇಡಂ ಕೋಣೆಯಲ್ಲಿ ನಡೆಯಿತು. ಕಟ್ಟನ್ನು ನಾನೇ ತಲುಪಿಸಿದ್ದರಿಂದ ಅಲ್ಲೇ ಒಂದು ಸ್ಟೂಲಿನ ಮೇಲೆ ಉಳಿದೆ. ‘ನಾಲ್ಕರಲ್ಲಿ ಒಂದನ್ನು ಬಿಡಬೇಕಾದರೆ ಯಾವುದು?’ ಎಂಬುದು ಮುಖ್ಯ ಪ್ರಶ್ನೆ. ಭಾವ ಹಾಳೆಗಳನ್ನು ನಾಲ್ಕು ರಾಶಿ ಮಾಡುತ್ತ ಹೋದರು. ಹೊಲಿಗೆಯ ರಾಶಿ ಚಿಕ್ಕದಾಗಿ ಉಳಿಯಿತು. ಚಿತ್ರಕಲೆಯದು ಅದಕ್ಕಿಂತ ಸ್ವಲ್ಪ ದಪ್ಪ. ಮರಗೆಲಸದ ರಾಶಿ ಬೆಳೆಯಿತು. ಬದುಕಿನ ಲೆಕ್ಕದ ರಾಶಿ ಅದರ ಹೆಗಲಿಗೆ ಬಂತು, ಆಮೇಲೆ ಅದನ್ನು ದಾಟಿತು. ಭಾವ ಕೆಲವು ಹಾಳೆಗಳ ಕೆಳಗಿನ ಟಿಪ್ಪಣಿಯನ್ನೂ ಓದುತ್ತಿದ್ದರು. ಓದುವಾಗ ಬಲಗೈ ಎರಡು ಸಲ ಜೇಬಿಗೆ ಹೋಗಿ ಬರಿಗೈಯಲ್ಲಿ ಬಂತು.

ಒಂದು ಹಾಳೆಯನ್ನು ಅವರು ಬಹಳ ಹೊತ್ತು ಹಿಡಿದುಕೊಂಡಿದ್ದರು. ನನಗೂ ಕಾಣುತ್ತಿತ್ತು. ‘ಲೆಕ್ಕಗಳು ಚೆನ್ನಾಗಿವೆ. ನಮಗೆ ಮಾಡಲು ಬಿಡುವುದಿಲ್ಲ. ಸೋಫಾ ಬಾಗಿಲಲ್ಲಿ ತೂರುತ್ತದಾ ಎಂದು ಕೇಳುತ್ತಾರೆ. ನಾವು ಟೇಪು ಬಿಚ್ಚುವುದರೊಳಗೆ, ತೂರುವುದಿಲ್ಲ ಅಲ್ವಾ, ಎನ್ನುತ್ತಾರೆ. ಹಾಗಾದರೆ ನಾವು ಯಾಕೆ ಬರಬೇಕು?’ ಇನ್ನೊಂದರಲ್ಲಿ ಒಂದೇ ಸಾಲಿತ್ತು: ‘ಅಲ್ವಾ ಮೇಷ್ಟ್ರು ಒಳ್ಳೆಯವರು, ಅವರಿಗೆ ಒಂದು ಲೋಟ ನೀರು ಬಾಯಲ್ಲಿಟ್ಟುಕೊಂಡು ಪಾಠ ಮಾಡಲು ಹೇಳಿ.’

“ಅಲ್ವಾ ಮೇಷ್ಟ್ರು ಅಂದ್ರೆ ಯಾರು?” ಎಂದು ಕೇಳಿದರು ಭಾವ.

ದೊಡ್ಡ ಮೇಡಂ ಮೇಜಿನ ಕೆಳಗೆ ಏನೋ ಬಿದ್ದಂತೆ ಬಗ್ಗಿದರು. ನಾನು ಸ್ಟೂಲಿನ ಕಾಲು ಪರೀಕ್ಷಿಸಿದೆ. ಭಾವ ಇಬ್ಬರನ್ನೂ ಒಂದೊಂದು ಸಲ ನೋಡಿದರು. ತಿಳಿಯಿತು.

ಮೇಡಂ ಮೇಲೆದ್ದು ಮೆಲ್ಲಗೆ, “ಮರಗೆಲಸಕ್ಕೂ ನಿಮ್ಮದಕ್ಕೂ ಅಂತರ ಕಡಿಮೆ ಇದೆ. ಇನ್ನೊಂದ್ಸಲ ಎಣಿಸೋಣವಾ ಮೇಷ್ಟ್ರೇ?” ಎಂದರು.

ಭಾವ ನೆಟ್ಟಗೆ ಕೂತರು. “ಬೇಡ ಮೇಡಂ. ಎಣಿಸಿದ್ದು ನಾನು. ತಪ್ಪಿರಲ್ಲ.”

ಸೋಲುವಾಗಲೂ ಆ ಜಂಬ ಬಿಡಲಿಲ್ಲ. ಆದರೆ ನನಗೆ ಅವತ್ತು ಅದು ಬಹಳ ಚೆಂದ ಕಂಡಿತು.

ಬದುಕಿನ ಲೆಕ್ಕದ ಕೋಣೆ ಖಾಲಿಯಾಯಿತು. ಗೋಡೆಗೆ ಭಾವ ತಾವೇ ಬರೆದು ಅಂಟಿಸಿದ್ದ ಪಟಗಳನ್ನು ಸುರುಳಿ ಸುತ್ತಿ ನನ್ನ ಅಂಗಡಿಯ ಅಟ್ಟಕ್ಕೆ ತಂದಿಟ್ಟೆವು. ಕಂಪ್ಯೂಟರುಗಳು ಬಂದು ಕೂತವು. ಅವುಗಳ ಮೇಜು ಬಾಗಿಲಲ್ಲಿ ತೂರುತ್ತದೋ ಇಲ್ಲವೋ ಎಂದು ತಂದವರು ಬಹಳ ಹೊತ್ತು ಒದ್ದಾಡಿದರು. ಭಾವ ಮೈದಾನದಾಚೆ ನಿಂತು ನೋಡಿದರೇ ಹೊರತು ಮೂಗು ತೂರಿಸಲಿಲ್ಲ. ಅದು ಆಗಲೇ ಒಂದು ಬದಲಾವಣೆ.

ಒಂದು ವಾರ ಕಳೆದ ಮೇಲೆ ಅವರು ದೊಡ್ಡ ಮೇಡಂ ಬಳಿ ಹೋಗಿ, ಶಾಲೆ ಬಿಟ್ಟ ಮೇಲೆ ಸೈಕಲ್ ಸ್ಟ್ಯಾಂಡಿನ ನೆರಳಿನಲ್ಲಿ, ಬಂದವರ ಜೊತೆ, ಹಾಜರಿ ಇಲ್ಲದೆ ಪಾಠ ಮಾಡಬಹುದೇ ಎಂದು ಕೇಳಿದರು. ಕೇಳಿ ಸುಮ್ಮನೆ ನಿಂತರು. ಮೇಡಂ ಇನ್ನೂ ಏನೋ ಸೇರಿಸುತ್ತಾರೆಂದು ಕಾದರಂತೆ. ಸೇರಿಸದಿದ್ದಾಗ ಗಾಬರಿಯಾಗಿ, ಆಗಲಿ ಎಂದುಬಿಟ್ಟರಂತೆ.

ಮೊದಲ ಶುಕ್ರವಾರ ನಾನು ಅಂಗಡಿಯಿಂದಲೇ ನೋಡುತ್ತಿದ್ದೆ. ಭಾವ ಸೊಂಟಕ್ಕೆ ಟೇಪು ಸಿಕ್ಕಿಸಿಕೊಂಡು, ಬಗಲಲ್ಲಿ ಒಂದು ಗಂಟು ಇಟ್ಟುಕೊಂಡು ಬಂದರು. ಮಕ್ಕಳು ಸೈಕಲ್ ತೆಗೆದುಕೊಂಡು ಅವರ ಪಕ್ಕದಲ್ಲೇ ಹೊರಟುಹೋದರು. ಉಳಿದವನು ಕೊಕ್ಕರೆ ಒಬ್ಬ. ಅವನೂ ಪಾಠಕ್ಕೆ ಉಳಿದದ್ದಲ್ಲ, ಅವನ ಸೈಕಲ್ಲಿನ ಚೈನು ಬಿದ್ದಿತ್ತು. ನನಗೆ ತಡೆಯಲಾಗಲಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದು ಅಲ್ಲಿಗೆ ಹೋದೆ. ಗೇಟಿನವರೆಗೆ ಹೋಗಿದ್ದ ಚೂಟಿಯೂ ಗೆಳತಿಯರನ್ನು ಎಳೆದುಕೊಂಡು ಹಿಂದಿರುಗಿದಳು.

ಭಾವ ಗಂಟು ಬಿಚ್ಚಿದರು. ಒಳಗಿದ್ದದ್ದು ಪರದೆ. ಅದೇ ಪರದೆ. ಬೀರುವಿನಿಂದ ಅದನ್ನು ಅವರೇ ಕೈಯಾರೆ ತೆಗೆದಿದ್ದರು.

“ಇದು ನಮ್ಮನೆ ಕಿಟಕೀದು,” ಎಂದರು. “ಕಿಟಕಿ ಎತ್ತರ ಎಷ್ಟಿತ್ತೋ ಅಷ್ಟೇ ಉದ್ದಕ್ಕೆ ಹೊಲಿಸಿದ್ದೆ. ನೇತುಹಾಕಿದ್ರೆ ಗಿಡ್ಡ ಆಯ್ತು. ಯಾಕೆ?”

ಬಾಯಿ ಮುಚ್ಚಿದರು.

ನೀವು ನೋಡಬೇಕಿತ್ತು. ಬಟ್ಟೆ ಕುಗ್ಗಿತು ಅಲ್ವಾ ಎಂಬ ಮಾತು ಅವರ ಗಂಟಲವರೆಗೆ ಬಂದು ಕತ್ತಿನ ನರಗಳೆಲ್ಲ ಎದ್ದವು. ಕೆನ್ನೆ ಉಬ್ಬಿತು. ಲೋಟದ ನೀರು ಬಾಯಲ್ಲಿದ್ದವರಿಗೂ ಅಷ್ಟು ಕಷ್ಟವಾಗಿರಲಾರದು. ಒಬ್ಬಳು ಹುಡುಗಿ ಬಟ್ಟೆ ಎಳೆದು ನೋಡಿದಳು. ಇನ್ನೊಬ್ಬಳು ಟೇಪು ಕೇಳಿದಳು, ಭಾವ ಕೊಟ್ಟರು. ಚೂಟಿ ಹೊಲಿಗೆ ಎಣಿಸಿದಳು. ಭಾವ ಕಾದರು.

ಚೈನು ಏರಿಸುತ್ತಿದ್ದ ಕೊಕ್ಕರೆ ತಲೆಯೆತ್ತದೆ, “ಸಾರ್, ಕಂಬಿ ಎಲ್ಲಿತ್ತು?” ಎಂದ.

“ಯಾವ ಕಂಬಿ?”

“ಪರದೆ ನೇತುಹಾಕೋ ಕಂಬಿ. ನಮ್ಮನೇಲಿ ಕಿಟಕಿಗಿಂತ ಒಂದು ಗೇಣು ಮೇಲಿದೆ. ನೀವು ಕಿಟಕಿ ಅಳೆದ್ರಿ. ಪರದೆ ಕಿಟಕಿಯಿಂದ ಅಲ್ಲ ಸಾರ್ ನೇತಾಡೋದು.”

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕಿಸಕ್ಕೆಂದರು. ಭಾವ ಪರದೆಯನ್ನು ನೋಡಿದರು, ಸೈಕಲ್ ಸ್ಟ್ಯಾಂಡಿನ ಸೂರನ್ನು ನೋಡಿದರು. ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಜೇಬು ಖಾಲಿ. ಆ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಕೊಕ್ಕರೆಯ ಮುಂದೆ ಚಾಚಿದರು. ಅವನು ಗ್ರೀಸು ಮೆತ್ತಿದ ಕೈಯನ್ನೇ ಕೊಟ್ಟ. ಇಬ್ಬರೂ ಕೈ ಕುಲುಕಿದರು.

“ಬೋರಾಗಲಿಲ್ಲ ಸಾರ್ ಇವತ್ತು,” ಎಂದ ಕೊಕ್ಕರೆ.

“ಕಾರಣ?” ಎಂದರು ಭಾವ. ಎಲ್ಲರೂ ನಕ್ಕರು. ತಮಾಷೆ ಮಾಡುವ ಉದ್ದೇಶ ಅವರಿಗಿತ್ತೋ ಇಲ್ಲವೋ ನಾನು ಹೇಳಲಾರೆ.

ಮನೆಗೆ ಬಂದಾಗ ಅಕ್ಕ ತಟ್ಟೆ ಒರೆಸುತ್ತಿದ್ದಳು. ಭಾವ ಪರದೆಯನ್ನು ಮಡಿಸಿ ಮೇಜಿನ ಮೇಲಿಟ್ಟು, “ಕಂಬಿ,” ಎಂದರು.

“ಗೊತ್ತು,” ಎಂದಳು ಅಕ್ಕ.

“ಯಾವಾಗಿಂದ?”

“ನೀವು ಬಟ್ಟೆ ತರೋಕೆ ಹೊರಟ ದಿನದಿಂದ.”

“ಒಂದು ಮಾತು ಹೇಳಬಹುದಿತ್ತಲ್ಲ.”

“ಕೇಳಿದ್ರಿ ಕಣ್ರೀ. ಅಳತೆ ಸರಿಯಾಗಿದೆ ಅಲ್ವಾ ಅಂತ ಕೇಳಿದ್ರಿ. ನಾನು ಕಂಬಿ ಅನ್ನೋ ಹೊತ್ತಿಗೆ ಬೀದಿ ತಿರುಗಿದ್ರಿ.”

ಭಾವ ಕುರ್ಚಿಯಲ್ಲಿ ಕೂತರು. ಗೋಡೆಯ ಮೇಲಿದ್ದ ಪ್ರಮಾಣಪತ್ರವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ನಾನೂ ಚೂಟಿಯೂ ಅಲ್ಲೇ ಇರುವುದನ್ನು ಮರೆತವರಂತೆ ಕೇಳಿದರು, “ನಾನು ನಿನಗೆ ಒಪ್ಪಿಗೆಯಾ?”

ಕೇಳಿ, ತುಟಿ ಬಿಗಿದುಕೊಂಡು ಕಾದರು.

ಅಕ್ಕ ಒಂದು ತಟ್ಟೆ ಒರೆಸಿಟ್ಟಳು. ಇನ್ನೊಂದನ್ನು ಎತ್ತಿಕೊಂಡಳು. ಅದನ್ನೂ ನಿಧಾನವಾಗಿ ಒರೆಸಿದಳು. ಇಷ್ಟು ವರ್ಷ ಇಟ್ಟುಕೊಂಡಿದ್ದನ್ನು ಅಷ್ಟು ಬೇಗ ಕೊಡಲು ಅವಳಿಗೆ ಮನಸ್ಸಿರಲಿಲ್ಲ.

“ಚೂಟಿ,” ಎಂದಳು ಕೊನೆಗೆ, “ಒಂದು ಹಾಳೆ ತಗೊಂಡು ಬಾ. ನಾನು ಹೇಳ್ತೀನಿ, ನೀನು ಬರಿ. ನನ್ನ ಅಕ್ಷರ ಇವರಿಗೆ ಗೊತ್ತು.”

ತಾಯಿ ಮಗಳು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಒಳಗಿಂದ ನಗು ಕೇಳಿಸಿತು. ಭಾವ ಕುರ್ಚಿಯಿಂದ ಎದ್ದರು, ಮತ್ತೆ ಅದರಲ್ಲೇ ಕೂತರು. ನಾಲ್ಕಾಗಿ ಮಡಿಸಿದ ಹಾಳೆ ಬಂತು. ಬಿಡಿಸಿ ಓದಿದರು. ಇನ್ನೊಂದು ಸಲ ಓದಿದರು. ನನಗೆ ತೋರಿಸಬಾರದಿತ್ತು, ಆದರೆ ಹೆಮ್ಮೆ ತಡೆಯಲಾರದೆ ತೋರಿಸಿದರು. ಚೂಟಿಯ ಗುಂಡು ಅಕ್ಷರದಲ್ಲಿ ಹೀಗಿತ್ತು:

‘ಹೀಗೆಯೇ ಬೇಡ. ಆದರೆ ಮುಂದುವರಿಯಲಿ.’